ಮೋಟರ್‌ಹೋಮ್‌ಗೆ ವಾಟರ್ ಪ್ರೆಶರ್ ರೆಗ್ಯುಲೇಟರ್: ಫಿಕ್ಸೆಡ್ ಸಾಕಾ, ಅಡ್ಜಸ್ಟಬಲ್ ಬೇಕಾ?

ಚಕ್ರದ_ಮನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕ್ಲಾಸ್ ಸಿ ಮೋಟರ್‌ಹೋಮ್ ತಗೊಂಡಿದ್ದೀವಿ. 2012ರದ್ದು, ಫೋರ್ಡ್ ಇ-450 ಚಾಸಿ, 28 ಅಡಿ. ಒಳಗಿನ ಪೈಪೆಲ್ಲ ಪೆಕ್ಸ್ ಪ್ಲಾಸ್ಟಿಕ್, ನೀರಿನ ಹೀಟರ್ 6 ಗ್ಯಾಲನ್ ಟ್ಯಾಂಕಿನದು, ಪಂಪು ಶುರ್‌ಫ್ಲೋ 4008. ಅಕ್ಟೋಬರ್‌ನಲ್ಲಿ ಜಾಯನ್ ಪಾರ್ಕಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್, ಅಲ್ಲಿಂದ ಗ್ರ್ಯಾಂಡ್ ಕ್ಯಾನಿಯನ್ ಸೌತ್ ರಿಮ್‌ನ ಟ್ರೇಲರ್ ವಿಲೇಜ್. ಹಾಸನದಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಶವರ್‌ನಲ್ಲಿ ನೀರು ಸಣ್ಣಗೆ ಬಂದ್ರೆ ಕಷ್ಟ.

ಗಾಡಿ ಜೊತೆ ಬೆರಳುದ್ದದ ಹಿತ್ತಾಳೆ ರೆಗ್ಯುಲೇಟರ್ ಒಂದು ಬಂದಿದೆ, ಕ್ಯಾಂಪ್‌ಗ್ರೌಂಡ್ ನಲ್ಲಿಯ ಪ್ರೆಶರ್ ಗಾಡಿ ಪೈಪಿಗೆ ಹೆಚ್ಚಾಗದ ಹಾಗೆ ತಗ್ಗಿಸೋದು. ಮೇಲೆ ಕಂಪನಿ ಹೆಸರೂ ಇಲ್ಲ, ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಒತ್ತಡದ ಅಳತೆ) ಎಷ್ಟು ಅಂತಾನೂ ಇಲ್ಲ. ಅಂಗಡಿಯಲ್ಲಿ ನೋಡಿದ್ರೆ ಇದೇ ಥರದ್ದು 10-15 ಡಾಲರ್‌ಗೆ ಇದೆ, ಗೇಜ್ ಇರುವ ಅಡ್ಜಸ್ಟಬಲ್ 30ರಿಂದ 50 ಡಾಲರ್. ಮನೆಗೆ ಹಾಕುವ ವಾಟ್ಸ್ ಕಂಪನಿಯ ಪ್ರೆಶರ್ ವಾಲ್ವನ್ನೇ ತಂದು ಹಾಕಿ ಅನ್ನೋರೂ ಇದ್ದಾರೆ. ಯಾವುದು ತಗೊಳ್ಳಲಿ? ಎಷ್ಟಕ್ಕೆ ಸೆಟ್ ಮಾಡಲಿ? ಗಾಡಿಯ ಮ್ಯಾನ್ಯುಯಲ್‌ನಲ್ಲಿ "40ರಿಂದ 60" ಅಂತ ಮಾತ್ರ ಇದೆ. ಫಿಲ್ಟರ್ ಮೊದಲಾ, ರೆಗ್ಯುಲೇಟರ್ ಮೊದಲಾ ಅನ್ನೋದೂ ಗೊತ್ತಾಗ್ತಿಲ್ಲ.

---

ಕೊಳಾಯಿ_ಮೇಷ್ಟ್ರು (ಟೂಸಾನ್, ಅರಿಜೋನಾ)

ಪೆಟ್ಟಿಗೆಯ ಮೇಲೆ ಬರೆದ ಪಿಎಸ್‌ಐ ನೋಡಿ ರೆಗ್ಯುಲೇಟರ್ ಆರಿಸಬೇಡಿ. ಆ ಸಂಖ್ಯೆ ನಲ್ಲಿ ಮುಚ್ಚಿದ್ದಾಗಿನ ಪ್ರೆಶರ್. ನಿಮಗೆ ಬೇಕಾಗಿರುವುದು ಎರಡು ವಿಷಯ. ನಲ್ಲಿ ಬಿಟ್ಟು ನೀರು ಹರಿಯುತ್ತಿರುವಾಗ ಪ್ರೆಶರ್ ಎಷ್ಟು ಉಳಿಯುತ್ತದೆ, ಮತ್ತು ಎಲ್ಲ ನಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಅದು ಏರದೆ ಹಾಗೇ ನಿಲ್ಲುತ್ತದೆಯೇ. ಸಣ್ಣ ರೆಗ್ಯುಲೇಟರ್‌ಗಳು ಸಾಮಾನ್ಯವಾಗಿ ಮೊದಲನೆಯದರಲ್ಲಿ ಸೋಲುತ್ತವೆ, ಹಳೆಯವು ಎರಡನೆಯದರಲ್ಲಿ.

ಬೆರಳುದ್ದದ ಆ ಹಿತ್ತಾಳೆ ಕೊಳವೆಯೊಳಗೆ ಸ್ಪ್ರಿಂಗ್ ಮೇಲೆ ಕೂತ ಒಂದು ಪುಟ್ಟ ಪಿಸ್ಟನ್ ಇರುತ್ತದೆ. ಈಚೆ ಕಡೆ ಪ್ರೆಶರ್ ಏರಿದರೆ ಪಿಸ್ಟನ್ ಸರಿದು ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಕೆಲಸವೇನೋ ಸರಿ, ಆದರೆ ಪೂರ್ತಿ ತೆರೆದಾಗಲೂ ಆ ದಾರಿ ಕೆಲವೇ ಮಿಲಿಮೀಟರ್. ಶವರ್ ಒಂದೇ ಓಡುತ್ತಿದ್ದರೆ ಹೇಗೋ ನಡೆಯುತ್ತದೆ. ಅದೇ ಹೊತ್ತಿಗೆ ಯಾರಾದರೂ ಅಡುಗೆಮನೆ ನಲ್ಲಿ ತಿರುಗಿಸಿದರೆ ಶವರ್ ಸತ್ತೇ ಹೋಗುತ್ತದೆ, ಬಿಸಿ-ತಣ್ಣೀರಿನ ಹದವೂ ಕೆಡುತ್ತದೆ. ಅಡ್ಜಸ್ಟಬಲ್ ಜಾತಿಯವುಗಳಲ್ಲಿ ಡಯಾಫ್ರಾಮ್ (ರಬ್ಬರ್ ಪೊರೆ) ಅಥವಾ ಅಗಲವಾದ ಪಿಸ್ಟನ್ ಇರುತ್ತದೆ, ದಾರಿ ದೊಡ್ಡದು, ಹಾಗಾಗಿ ನೀರು ಹರಿಯುವಾಗ ಪ್ರೆಶರ್ ಬೀಳುವುದು ಕಡಿಮೆ. ನೀವು 30-50 ಡಾಲರ್ ಕೊಡುವುದು ಈ ದೊಡ್ಡ ದಾರಿಗೆ. ತಿರುಪು ಮತ್ತು ಗೇಜು ಅದರ ಜೊತೆಗೆ ಬರುವ ಲಾಭ, ಅಷ್ಟೆ.

ಸೆಟಿಂಗ್ ಬಗ್ಗೆ: 50 ಇಡಿ. ಇದಕ್ಕೆ ಕಾರಣ ನಿಮ್ಮ ಗಾಡಿಯಲ್ಲೇ ಇದೆ. ಶುರ್‌ಫ್ಲೋ 4008 ಪಂಪು ನಿಮಿಷಕ್ಕೆ 3 ಗ್ಯಾಲನ್ ಕೊಡುತ್ತದೆ, 55 ಪಿಎಸ್‌ಐ ಆದಾಗ ತಾನೇ ನಿಲ್ಲುತ್ತದೆ. ಅಂದರೆ ಹೊರಗಿನ ನೀರು ಸೇರಿಸದೆ ಪಂಪಿನಲ್ಲೇ ಓಡಿಸುವಾಗ ನಿಮ್ಮ ಪೈಪುಗಳು ದಿನಕ್ಕೆ ಹತ್ತಾರು ಸಲ 55 ನೋಡುತ್ತಿವೆ. ಅದನ್ನು ತಡೆಯುವ ಗಾಡಿಗೆ ಹೊರಗಿನ ನಲ್ಲಿಯಿಂದ 50 ಬಂದರೆ ಏನೂ ಆಗುವುದಿಲ್ಲ. ಭಯಕ್ಕೆ 40ಕ್ಕೆ ಇಳಿಸಿದರೆ ಶವರ್ ನೀರನ್ನು ಸುಮ್ಮನೆ ಕಳೆದುಕೊಂಡ ಹಾಗೆ.

ಪೆಕ್ಸ್ ಪೈಪಿನ ಮೇಲೆ ಬರೆದ ರೇಟಿಂಗ್ 73 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 160 ಪಿಎಸ್‌ಐ, 180 ಡಿಗ್ರಿಯಲ್ಲಿ 100. ಅದನ್ನು ನೋಡಿ ರೆಗ್ಯುಲೇಟರೇ ಬೇಡ ಅನ್ನುವವರಿದ್ದಾರೆ. ಆದರೆ ಒಡೆಯುವುದು ಪೈಪಲ್ಲ. ಪ್ಲಾಸ್ಟಿಕ್ ನಟ್ ಹಾಕಿ ಕೈಯಲ್ಲಿ ಬಿಗಿದ ಜೋಡಣೆಗಳು, ಟಾಯ್ಲೆಟ್ ಹಿಂದಿನ ವಾಲ್ವ್, ಹೊರಗಿನ ಶವರ್‌ನ ಪ್ಲಾಸ್ಟಿಕ್ ನಲ್ಲಿ, ಫಿಲ್ಟರ್ ಡಬ್ಬ, ಇವು ಒಡೆಯುತ್ತವೆ. ಅದೂ ನೀವು ಮಲಗಿದ್ದಾಗ. ಸಂಜೆ ಕ್ಯಾಂಪ್‌ಗ್ರೌಂಡಿನಲ್ಲಿ ಎಲ್ಲರೂ ನೀರು ಬಳಸುವಾಗ ಲೈನಿನಲ್ಲಿ ಪ್ರೆಶರ್ ಕಡಿಮೆ ಇರುತ್ತದೆ. ಮಧ್ಯರಾತ್ರಿ ಬಳಕೆ ನಿಂತಾಗ ಪೂರ್ತಿ ಏರುತ್ತದೆ. ಸಂಜೆ ಐದಕ್ಕೆ ಗೇಜ್ ಹಾಕಿ "ಇಲ್ಲಿ 55 ಮಾತ್ರ, ರೆಗ್ಯುಲೇಟರ್ ಬೇಕಿಲ್ಲ" ಎಂದು ತೀರ್ಮಾನಿಸುವುದು ಅದಕ್ಕೇ ತಪ್ಪು.

ಗುಡ್ಡದ ಜಾಗಗಳಲ್ಲಿ ಇನ್ನೂ ಎಚ್ಚರ ಬೇಕು. ಪ್ರತಿ 2.31 ಅಡಿ ಎತ್ತರಕ್ಕೆ 1 ಪಿಎಸ್‌ಐ. ನೀರಿನ ಟ್ಯಾಂಕು ನಿಮ್ಮ ಸೈಟಿಗಿಂತ 200 ಅಡಿ ಮೇಲಿದ್ದರೆ ನಲ್ಲಿಯಲ್ಲಿ ಸುಮಾರು 87. ಒಂದೇ ಕ್ಯಾಂಪ್‌ಗ್ರೌಂಡಿನಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 20-30 ವ್ಯತ್ಯಾಸ ಇರಬಹುದು. ನಮ್ಮ ಕರ್ನಾಟಕದ ಕಡೆ ಮನೆಗಳಲ್ಲಿ ತಾರಸಿ ಟ್ಯಾಂಕು ಬಚ್ಚಲ ನಲ್ಲಿಗಿಂತ 20 ಅಡಿ ಮೇಲಿದ್ದರೆ 9 ಪಿಎಸ್‌ಐ ಕೂಡ ಸಿಗುವುದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ತಂದೆತಾಯಿಗೆ 50 ಧಾರಾಳವೇ ಆಗುತ್ತದೆ, ಹರಿಯುವಾಗಲೂ ಅದು ಉಳಿದರೆ.

---

ವೀಕೆಂಡ್_ಯಾತ್ರಿ (ಆಸ್ಟಿನ್, ಟೆಕ್ಸಸ್)

ಮೇಷ್ಟ್ರು ಹೇಳಿದ್ದನ್ನ ಪೂರ್ತಿ ಒಪ್ಪಲ್ಲ. ವರ್ಷಕ್ಕೆ ಮೂರು ನಾಲ್ಕು ವೀಕೆಂಡ್ ಹೋಗೋರಿಗೆ 12 ಡಾಲರಿನದ್ದೇ ಸಾಕು. ಅದರಲ್ಲಿ ಯಾರೂ ತಿರುಗಿಸಿ ಕೆಡಿಸೋಕೆ ತಿರುಪಿಲ್ಲ, ಒಡೆದು ಹೋಗೋಕೆ ಗೇಜಿಲ್ಲ. ಶವರ್ ಹೆಡ್ ಕೂಡ ಸುಮ್ಮನೆ ನೀರು ಸುರಿಸಲ್ಲ, ಅಮೆರಿಕದ ಫೆಡರಲ್ ಮಿತಿಯೇ 80 ಪಿಎಸ್‌ಐನಲ್ಲಿ ನಿಮಿಷಕ್ಕೆ 2.5 ಗ್ಯಾಲನ್. ಆರ್‌ವಿ ಶವರ್ ಹೆಡ್‌ಗಳು ಅದಕ್ಕಿಂತಲೂ ಕಡಿಮೆ. ಒಂದು ಸಲಕ್ಕೆ ಒಂದೇ ನಲ್ಲಿ ಅಂತ ಇಟ್ಕೊಂಡ್ರೆ ತೊಂದರೆ ಏನಿದೆ?

ಇನ್ನೊಂದು, ವಾಚ್‌ಮನ್‌ನಲ್ಲಿ ಸೈಟಿಗೆ ನೀರಿನ ಹುಕ್‌ಅಪ್ಪೇ ಇಲ್ಲ. ಕೆಲವು ಸೈಟ್‌ಗಳಲ್ಲಿ ಕರೆಂಟ್ ಮಾತ್ರ. ಅಲ್ಲಿ ಟ್ಯಾಂಕು, ಪಂಪು, ಅಷ್ಟೇ. ನಿಮ್ಮ ದಾರಿಯಲ್ಲಿ ರೆಗ್ಯುಲೇಟರ್ ಬೇಕಾಗೋದು ಟ್ರೇಲರ್ ವಿಲೇಜ್‌ನಲ್ಲಿ ಮಾತ್ರ, ಅದು ಫುಲ್ ಹುಕ್‌ಅಪ್ (ನೀರು, ಕರೆಂಟ್, ಕೊಳಚೆ ಮೂರೂ ಸೈಟಿಗೇ).

---

ಕೊಳಾಯಿ_ಮೇಷ್ಟ್ರು

ವೀಕೆಂಡ್ ಅವರೇ, ಹೊಸದಾಗಿ ತಂದ 12 ಡಾಲರಿನದ್ದರ ಬಗ್ಗೆ ನನ್ನ ತಕರಾರಿಲ್ಲ. ಇಬ್ಬರೇ ಇರುವ ಗಾಡಿಗೆ ನಡೆಯುತ್ತದೆ. ಇಲ್ಲಿ ನಾಲ್ಕು ಜನ ಇದ್ದಾರೆ, ಜೊತೆಗೆ ಇವರ ಕೈಲಿರುವುದು ಹೆಸರಿಲ್ಲದ, ವಯಸ್ಸು ಗೊತ್ತಿಲ್ಲದ ಒಂದು. ಅದನ್ನು ಪರೀಕ್ಷೆ ಮಾಡದೆ ನಂಬಬಾರದು.

ಚಕ್ರದ_ಮನೆ, ಮನೆಯ ಹಿತ್ತಲಿನ ನಲ್ಲಿಯಲ್ಲೇ ಪರೀಕ್ಷೆ ಮಾಡಬಹುದು. ಬೇಕಾಗುವುದು ಗಾರ್ಡನ್ ಹೋಸ್ ಥ್ರೆಡ್ ಇರುವ 0-160 ಅಥವಾ 0-200ರ ಒಂದು ಗೇಜು, ಎರಡೂ ಕಾಲಿಗೆ ತೆರೆದು ಮುಚ್ಚುವ ವಾಲ್ವ್ ಇರುವ ಒಂದು ವೈ ಸ್ಪ್ಲಿಟರ್ (ಒಂದು ನಲ್ಲಿಯನ್ನು ಎರಡು ಕವಲು ಮಾಡುವ ತುಂಡು), 5 ಗ್ಯಾಲನ್ ಬಕೆಟ್, ಫೋನಿನ ಸ್ಟಾಪ್‌ವಾಚ್.

ಮೊದಲು ಗೇಜನ್ನು ನೇರವಾಗಿ ನಲ್ಲಿಗೆ ಹಾಕಿ ಓದಿ. 65-70 ಬಂತು ಅನ್ನಿ. ಆಮೇಲೆ ನಲ್ಲಿ, ರೆಗ್ಯುಲೇಟರ್, ವೈ, ಈ ಕ್ರಮದಲ್ಲಿ ಜೋಡಿಸಿ. ವೈನ ಒಂದು ಕಾಲಿಗೆ ಗೇಜು, ಇನ್ನೊಂದಕ್ಕೆ ಹೋಸು. ಹೋಸಿನ ಕಾಲು ಮುಚ್ಚಿ ಗೇಜ್ ಓದಿದರೆ ಅದು ನಿಂತ ನೀರಿನ ಪ್ರೆಶರ್. ಈಗ ಹೋಸಿನ ಕಾಲನ್ನು ನಿಧಾನವಾಗಿ ತೆರೆದು, ಬಕೆಟ್ ತುಂಬಲು ಎರಡೂವರೆ ನಿಮಿಷ ಹಿಡಿಯುವಷ್ಟಕ್ಕೆ ತಂದು ನಿಲ್ಲಿಸಿ. ಅದು ನಿಮಿಷಕ್ಕೆ 2 ಗ್ಯಾಲನ್, ಒಂದು ಶವರ್‌ನ ಲೆಕ್ಕ. ಆಗ ಗೇಜಿನಲ್ಲಿ 40ರ ಆಸುಪಾಸು ಇದ್ದರೆ ಒಳ್ಳೆಯ ರೆಗ್ಯುಲೇಟರ್. 30ಕ್ಕಿಂತ ಕೆಳಗೆ ಬಿದ್ದರೆ ಶವರ್ ಬಡವಾಗುತ್ತದೆ, ಏಕೆಂದರೆ ಇದರಾಚೆ ಇನ್ನೂ ಹೋಸು, ಫಿಲ್ಟರು, ಅರ್ಧ ಇಂಚಿನ ಪೈಪು, ಹೀಟರು ಎಲ್ಲ ತಮ್ಮ ತಮ್ಮ ಪಾಲು ತಿನ್ನುತ್ತವೆ. ಎರಡು ನಲ್ಲಿಯ ಲೆಕ್ಕಕ್ಕೆ ಬಕೆಟ್ ಒಂದೂಕಾಲು ನಿಮಿಷದಲ್ಲಿ ತುಂಬಬೇಕು, ಅಂದರೆ 4 ಗ್ಯಾಲನ್. ಈ ಎರಡನೇ ಓದಿಗೆ ಸಣ್ಣ ಜಾತಿಯವು ಮುಗ್ಗರಿಸುತ್ತವೆ.

ಕೊನೆಗೆ ಹೋಸಿನ ಕಾಲು ಪೂರ್ತಿ ಮುಚ್ಚಿ, ನೆರಳಿನಲ್ಲಿ ಅರ್ಧ ಗಂಟೆ ಹಾಗೇ ಬಿಡಿ. 48 ಇದ್ದದ್ದು 48-50ರಲ್ಲೇ ನಿಂತಿದ್ದರೆ ಸರಿ. 55, 60, 65 ಎಂದು ಮೆಲ್ಲಗೆ ಮನೆ ಲೈನಿನ ಪ್ರೆಶರ್ ಕಡೆಗೆ ಹತ್ತುತ್ತಿದ್ದರೆ ಒಳಗಿನ ಸೀಟು (ಪಿಸ್ಟನ್ ಕೂತು ದಾರಿ ಮುಚ್ಚುವ ಜಾಗ) ಪೂರ್ತಿ ಮುಚ್ಚುತ್ತಿಲ್ಲ. ಮರಳಿನ ಕಣ ಸಿಕ್ಕಿಕೊಂಡಿರಬಹುದು ಅಥವಾ ಓ-ರಿಂಗ್ ಗಟ್ಟಿಯಾಗಿರಬಹುದು. ಅಂಥದ್ದು ಹಗಲಿನಲ್ಲಿ ಎಲ್ಲ ಸರಿ ಇರುವಂತೆ ಕಾಣುತ್ತದೆ, ನೀರು ಹರಿಯುತ್ತಿರುವವರೆಗೆ ಗೊತ್ತೇ ಆಗುವುದಿಲ್ಲ. ರಾತ್ರಿ ಲೈನಿನ ಪೂರ್ತಿ ಪ್ರೆಶರನ್ನು ಒಳಗೆ ಬಿಡುತ್ತದೆ. ಗೇಜಿಲ್ಲದ ರೆಗ್ಯುಲೇಟರ್‌ನ ಮೇಲೆ ನನ್ನ ಅಪನಂಬಿಕೆ ಇದೇ ಕಾರಣಕ್ಕೆ.

---

ಗೇಜ್_ಗಿರಾಕಿ (ಡೆನ್ವರ್, ಕೊಲರಾಡೋ)

ಅಡ್ಜಸ್ಟಬಲ್ ತಗೊಳ್ಳೋದು ಅಂತ ಆದ್ರೆ, ತಗೊಳ್ಳುವಾಗ ನೋಡಬೇಕಾದದ್ದು.

ಸೀಸ: ಕುಡಿಯೋ ನೀರಿನ ಹಿತ್ತಾಳೆಗೆ ಅಮೆರಿಕದಲ್ಲಿ 2014ರ ಜನವರಿಯಿಂದ ನೀರು ತಾಗುವ ಭಾಗದ ಸರಾಸರಿಯಲ್ಲಿ 0.25 ಪರ್ಸೆಂಟ್‌ಗಿಂತ ಹೆಚ್ಚು ಸೀಸ ಇರೋ ಹಾಗಿಲ್ಲ. ಪ್ಯಾಕೆಟ್ ಮೇಲೆ ಎನ್‌ಎಸ್‌ಎಫ್ 61 ಅಥವಾ 372 (ಕುಡಿಯೋ ನೀರಿನ ಸಾಮಾನಿಗೆ ಕೊಡೋ ಪ್ರಮಾಣದ ಗುರುತು) ಇದೆಯಾ ನೋಡಿ. "ತೋಟಕ್ಕೆ ಮಾತ್ರ" ಅಂತ ಬರೆದಿರೋ ಹಿತ್ತಾಳೆ ಸಾಮಾನು ಅಗ್ಗಕ್ಕೆ ಸಿಗುತ್ತೆ, ಅದನ್ನ ಕುಡಿಯೋ ನೀರಿಗೆ ಹಾಕಬೇಡಿ. ನಿಮ್ಮ ಹೆಸರಿಲ್ಲದ ಆ ಹಳೇ ತುಂಡು 2014ಕ್ಕೂ ಮೊದಲಿಂದು ಇದ್ದರೂ ಇರಬಹುದು. ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾದರೂ ನಾನಾಗಿದ್ರೆ ಅದನ್ನ ಗಾಡಿ ತೊಳೆಯೋ ಹೋಸಿಗೆ ಹಾಕ್ತೀನಿ.

ಥ್ರೆಡ್: ಕ್ಯಾಂಪ್‌ಗ್ರೌಂಡ್ ನಲ್ಲಿ, ಹೋಸು, ಗಾಡಿಯ ಇನ್‌ಲೆಟ್ ಮೂರೂ ಮುಕ್ಕಾಲು ಇಂಚಿನ ಗಾರ್ಡನ್ ಹೋಸ್ ಥ್ರೆಡ್, ಇಂಚಿಗೆ 11.5 ಸುತ್ತು. ಮನೆಗೆ ಹಾಕುವ ವಾಟ್ಸ್ ವಾಲ್ವುಗಳಲ್ಲಿ ಸಾಮಾನ್ಯವಾಗಿ ಬರೋದು ಮುಕ್ಕಾಲು ಇಂಚಿನ ಪೈಪ್ ಥ್ರೆಡ್, ಇಂಚಿಗೆ 14 ಸುತ್ತು, ಅದೂ ಮೊನೆಯಾಗ್ತಾ ಹೋಗೋದು. ಎರಡೂ "ಮುಕ್ಕಾಲು" ಅಂತ ಒಂದಕ್ಕೊಂದು ಹಾಕಿದ್ರೆ ಒಂದೂವರೆ ಸುತ್ತು ಹೋಗಿ ಕಚ್ಚಿಕೊಂಡು ಥ್ರೆಡ್ ಹಾಳಾಗುತ್ತೆ. ಎರಡೂ ಕಡೆ ಅಡಾಪ್ಟರ್ ಬೇಕು. ಪೈಪ್ ಥ್ರೆಡ್ ಕಡೆಗೆ ಟೆಫ್ಲಾನ್ ಟೇಪ್ ಸುತ್ತಿ. ಹೋಸ್ ಥ್ರೆಡ್ ಕಡೆ ಟೇಪ್ ಸುತ್ತಿ ಪ್ರಯೋಜನ ಇಲ್ಲ, ಅಲ್ಲಿ ನೀರು ನಿಲ್ಲೋದು ರಬ್ಬರ್ ವಾಷರ್‌ನಿಂದ. ಸೋರ್ತಿದ್ರೆ ವಾಷರ್ ಬದಲಾಯಿಸಿ.

ವಾಟ್ಸ್ ಹಾಕೋದು ತಪ್ಪಲ್ಲ. ಎಲ್‌ಎಫ್25ಎಯುಬಿ ಥರದ್ದು 25ರಿಂದ 75ರವರೆಗೆ ಸೆಟ್ ಮಾಡಬಹುದು, ಫ್ಯಾಕ್ಟರಿಯಿಂದ 50ಕ್ಕೇ ಬರುತ್ತೆ, ಫ್ಲೋ ಬೇಕಾದಷ್ಟು. ಆದರೆ ಭಾರ, ಮತ್ತು ಗೇಜು, ಅಡಾಪ್ಟರ್ ಎಲ್ಲ ಸೇರಿ ಖರ್ಚು ಎಲ್ಲಿಗೋ ಹೋಗುತ್ತೆ. ತಿಂಗಳುಗಟ್ಟಲೆ ಗಾಡಿಯಲ್ಲೇ ಇರೋರಿಗೆ ಸರಿ. ನಿಮಗೆ ರೆನೇಟರ್ ಅಥವಾ ವಾಲ್ಟೆರಾ ಅಡ್ಜಸ್ಟಬಲ್ ಸಾಕು.

ಕ್ರಮ: ನಲ್ಲಿ, ರೆಗ್ಯುಲೇಟರ್, ಹೋಸು, ಫಿಲ್ಟರು, ಗಾಡಿ. ರೆಗ್ಯುಲೇಟರ್‌ಗಿಂತ ಮೊದಲು ಏನಿದ್ದರೂ ಅದು ಲೈನಿನ ಪೂರ್ತಿ ಪ್ರೆಶರ್ ತಿನ್ನುತ್ತೆ. 10 ಇಂಚಿನ ಫಿಲ್ಟರ್ ಡಬ್ಬಗಳ ಮಿತಿ ಸಾಮಾನ್ಯವಾಗಿ 100-125. ಬಿಸಿಲಲ್ಲಿ ನಾಲ್ಕು ವರ್ಷ ಒಣಗಿದ ಪ್ಲಾಸ್ಟಿಕ್ಕಿಗೆ ಅಷ್ಟೂ ಇರಲ್ಲ. ಫಿಲ್ಟರ್ ಮೊದಲು ಇಟ್ಟರೆ ಮರಳು ರೆಗ್ಯುಲೇಟರ್‌ಗೆ ಹೋಗಲ್ಲ ಅನ್ನೋ ವಾದ ಇದೆ. ಅದಕ್ಕೇ ರೆಗ್ಯುಲೇಟರ್ ಬಾಯಲ್ಲಿ ಸ್ಟೀಲ್ ಜಾಲರಿ ಕೊಟ್ಟಿರ್ತಾರೆ. ಜೋಡಿಸುವ ಮೊದಲು ನಲ್ಲಿಯನ್ನ ಹತ್ತು ಸೆಕೆಂಡ್ ಖಾಲಿ ಬಿಟ್ಟು ಕೆಂಪು ನೀರು, ಕಸ ಹೋಗೋಕೆ ಬಿಡಿ. ಜಾಲರಿ ಆಗಾಗ ತೆಗೆದು ತೊಳೀರಿ. "ಹೋದ್ಸಲ ಚೆನ್ನಾಗಿತ್ತು, ಈಗ ಫ್ಲೋ ಇಲ್ಲ" ಅನ್ನೋದಕ್ಕೆ ಮುಚ್ಚಿಹೋದ ಜಾಲರಿನೇ ಮೊದಲ ಅನುಮಾನ.

ಭಾರದ ರೆಗ್ಯುಲೇಟರ್‌ನ ಗಾಡಿ ಇನ್‌ಲೆಟ್‌ಗೆ ನೇತು ಹಾಕಬೇಡಿ. ಅದು ಪ್ಲಾಸ್ಟಿಕ್, ಬಿರುಕು ಬಿಡುತ್ತೆ. ಇನ್‌ಲೆಟ್‌ಗೆ 90 ಡಿಗ್ರಿ ಹಿತ್ತಾಳೆ ಎಲ್ಬೋ ಹಾಕಿದರೆ ಹೋಸು ನೇರ ಕೆಳಗೆ ಇಳಿಯುತ್ತೆ, ಮೂಲೆಯಲ್ಲಿ ಮಡಚಿಕೊಳ್ಳಲ್ಲ. ಎಲ್ಲ ಕೈಬಿಗಿ ಸಾಕು, ಪ್ಲಾಸ್ಟಿಕ್ ಮೇಲೆ ಪ್ಲೈಯರ್ ಹಾಕ್ಬೇಡಿ. ಇನ್‌ಲೆಟ್ ಒಳಗೇ ಒಂದು ಸಣ್ಣ ರೆಗ್ಯುಲೇಟರ್ ಕೂತಿರುವ ಗಾಡಿಗಳೂ ಇವೆ. ಹಾಗಿದ್ರೆ ಹೊರಗೆ ಎಂಥಾ ಒಳ್ಳೇದು ಹಾಕಿದರೂ ಫ್ಲೋ ಆ ಸಣ್ಣದರ ಲೆಕ್ಕಕ್ಕೇ ಬಂದು ನಿಲ್ಲುತ್ತೆ, ಒಮ್ಮೆ ನೋಡಿಕೊಳ್ಳಿ. ಹೋಸು ಅರ್ಧ ಇಂಚಿನದ್ದಾದರೆ 5/8 ಇಂಚಿನದ್ದಕ್ಕೆ ಬದಲಾಯಿಸಿ, 25 ಅಡಿ ಸಾಕಾಗೋ ಕಡೆ 50 ಅಡಿ ಎಳೀಬೇಡಿ.

ಸೆಟ್ ಮಾಡೋ ವಿಧಾನದಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ತಿರುಪನ್ನ ಬಲಕ್ಕೆ ತಿರುಗಿಸಿದ್ರೆ ಪ್ರೆಶರ್ ಹೆಚ್ಚು, ಎಡಕ್ಕೆ ಕಡಿಮೆ. ಆದರೆ ನಲ್ಲಿಗಳೆಲ್ಲ ಮುಚ್ಚಿದ್ದಾಗ ಎಡಕ್ಕೆ ಎಷ್ಟು ತಿರುಗಿಸಿದರೂ ಗೇಜ್ ಅಲ್ಲಾಡಲ್ಲ, ಯಾಕಂದ್ರೆ ಒಳಗೆ ಸಿಕ್ಕಿಕೊಂಡ ನೀರು ಹೋಗೋಕೆ ದಾರಿ ಇಲ್ಲ. ಕೆಟ್ಟಿದೆ ಅಂತ ಇನ್ನೂ ತಿರುಗಿಸ್ತಾರೆ, ಆಮೇಲೆ ನಲ್ಲಿ ಬಿಟ್ಟರೆ 20ಕ್ಕೆ ಬಿದ್ದಿರುತ್ತೆ. ಹಾಗಾಗಿ ಗಾಡಿಯೊಳಗೆ ಒಂದು ನಲ್ಲಿ ಸಣ್ಣಗೆ ಬಿಟ್ಟು, ಹೊರಗೆ ಕಾಲು ಸುತ್ತು ತಿರುಗಿಸಿ, ನಲ್ಲಿ ಮುಚ್ಚಿ, ಗೇಜ್ ಓದಿ. ಬೇಕಾದಲ್ಲಿಗೆ ಬರೋವರೆಗೆ ಹೀಗೇ.

ಇನ್ನು ಗೇಜು. ಗ್ಲಿಸರಿನ್ ತುಂಬಿದ ಗೇಜಿನ ಡಬ್ಬ ಪೂರ್ತಿ ಸೀಲ್ ಆಗಿರುತ್ತೆ, ಒಳಗಿರೋದು ಸಮುದ್ರಮಟ್ಟದ ಗಾಳಿ. ಸೌತ್ ರಿಮ್ ಸುಮಾರು 7,000 ಅಡಿ ಎತ್ತರ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ್ದಕ್ಕಿಂತ ಕಡಿಮೆ, ಆ ವ್ಯತ್ಯಾಸ 3 ಪಿಎಸ್‌ಐಗಿಂತ ತುಸು ಜಾಸ್ತಿ. ಹಾಗಾಗಿ ಮುಳ್ಳು ಅಷ್ಟೇ ಕೆಳಗೆ ತೋರಿಸುತ್ತೆ, ನಿಜವಾಗಿ 53 ಇದ್ದರೂ 50 ಅಂತ. ಗೇಜ್ ನೆತ್ತಿಯಲ್ಲಿ ರಬ್ಬರ್ ಬಿರಡೆ ಇದ್ದರೆ ಅದನ್ನ ಒಂದು ಕ್ಷಣ ಓರೆ ಮಾಡಿ ಗಾಳಿ ಸರಿಹೋಗೋಕೆ ಬಿಟ್ಟು ಮತ್ತೆ ಒತ್ತಿ. ಗೇಜನ್ನ ನೆಟ್ಟಗೆ ಹಿಡಿದೇ ಮಾಡಿ, ಇಲ್ಲಾಂದ್ರೆ ಕೈಯೆಲ್ಲ ಗ್ಲಿಸರಿನ್.

---

ಚಕ್ರದ_ಮನೆ

ತುಂಬಾ ಥ್ಯಾಂಕ್ಸ್. ಹಳೇದನ್ನ ಪರೀಕ್ಷೆ ಮಾಡಿದೆ. ನಿಂತ ನೀರಲ್ಲಿ 46, ನಿಮಿಷಕ್ಕೆ 2 ಗ್ಯಾಲನ್‌ಗೆ 27. ಹಾಗಾಗಿ ಗೇಜ್ ಇರುವ ಅಡ್ಜಸ್ಟಬಲ್ ತಂದು, ಡ್ರೈವ್‌ವೇನಲ್ಲಿ ಗಾಡಿಗೆ ಜೋಡಿಸಿ 50ಕ್ಕೆ ಸೆಟ್ ಮಾಡಿದೆ. 2 ಗ್ಯಾಲನ್‌ಗೆ 43 ನಿಲ್ಲುತ್ತೆ.

ಆದರೆ ಎರಡು ಅನುಮಾನ. ಬೆಳಗ್ಗೆ 50 ಇದ್ದದ್ದು ಮಧ್ಯಾಹ್ನ ನೋಡಿದರೆ 78. ಮನೆ ಲೈನೇ 68, ಅದಕ್ಕಿಂತ ಜಾಸ್ತಿ ಹೇಗೆ? ಎರಡನೇದು, ಹೀಟರ್ ಹಾಕಿ ಅರ್ಧ ಗಂಟೆ ಆದ ಮೇಲೆ ಗಾಡಿಯ ಹೊರಗೆ ಹೀಟರ್ ಬಾಗಿಲಿನ ಹತ್ತಿರ ವಾಲ್ವ್‌ನಿಂದ ನೀರು ತೊಟ್ಟಿಕ್ಕುತ್ತೆ. ರೆಗ್ಯುಲೇಟರ್ ಕೆಟ್ಟಿದ್ಯಾ?

---

ಕೊಳಾಯಿ_ಮೇಷ್ಟ್ರು

ಎರಡೂ ಬೇರೆ ಬೇರೆ ಕಾಯಿಲೆ. ರೆಗ್ಯುಲೇಟರ್ ಎರಡರಲ್ಲೂ ನಿರಪರಾಧಿ.

78 ಮನೆ ಲೈನಿಗಿಂತ ಹೆಚ್ಚು ಎಂದು ನೀವೇ ಗಮನಿಸಿದ್ದೀರಿ, ಉತ್ತರ ಅಲ್ಲೇ ಇದೆ. ಸೀಟು ಸೋರಿ ಏರಿದ್ದರೆ 68ರಲ್ಲಿ ನಿಲ್ಲಬೇಕಿತ್ತು. ಗಾಡಿಯ ಇನ್‌ಲೆಟ್‌ನಲ್ಲಿ ಒಂದು ಚೆಕ್ ವಾಲ್ವ್ ಇದೆ, ಪಂಪು ಓಡುವಾಗ ನೀರು ಹೊರಗೆ ಹೋಗದ ಹಾಗೆ. ಆ ಕಡೆ ಚೆಕ್ ವಾಲ್ವ್, ಈ ಕಡೆ ಮುಚ್ಚಿದ ರೆಗ್ಯುಲೇಟರ್, ನಡುವೆ ಬಿಸಿಲಿನಲ್ಲಿ ಬಿದ್ದ ಹೋಸು. ಅದರೊಳಗಿನ ನೀರು ಕಾದು ಹಿಗ್ಗುತ್ತದೆ, ಹೋಗಲು ಜಾಗವಿಲ್ಲ, ಗೇಜ್ ಏರುತ್ತದೆ. ಒಳಗೆ ಒಂದು ನಲ್ಲಿಯನ್ನು ಎರಡು ಸೆಕೆಂಡ್ ಬಿಟ್ಟು ಮುಚ್ಚಿ, 50ಕ್ಕೆ ಇಳಿಯುತ್ತದೆ. ಹೋಸನ್ನು ಗಾಡಿಯ ನೆರಳಿಗೆ ಎಳೆದರೆ ಮತ್ತೆ ಏರುವುದಿಲ್ಲ. ಸೂರ್ಯ ಮುಳುಗಿದ ಮೇಲೂ ಏರುತ್ತಿದ್ದರೆ ಮಾತ್ರ ಸೀಟಿನ ಮೇಲೆ ಅನುಮಾನ ಪಡಿ. ರೆಗ್ಯುಲೇಟರ್‌ನ ಮೂತಿಯ ಮೇಲಿನ ಸಣ್ಣ ಗಾಳಿ ತೂತಿನಿಂದ ನೀರು ಬರುತ್ತಿದ್ದರೆ ಡಯಾಫ್ರಾಮ್ ಹರಿದಿದೆ ಎಂದರ್ಥ, ಅದನ್ನು ಎಸೆಯಿರಿ.

ಹೀಟರ್‌ನಿಂದ ತೊಟ್ಟಿಕ್ಕುವುದು ಪ್ರೆಶರ್-ಟೆಂಪರೇಚರ್ ರಿಲೀಫ್ ವಾಲ್ವ್. 150 ಪಿಎಸ್‌ಐ ಅಥವಾ 210 ಡಿಗ್ರಿ ಫ್ಯಾರನ್‌ಹೀಟ್ ಆದಾಗ ಬಿಟ್ಟುಕೊಡುವುದೇ ಅದರ ಕೆಲಸ. ಟ್ಯಾಂಕಿನ ನೆತ್ತಿಯಲ್ಲಿ ಒಂದಿಷ್ಟು ಗಾಳಿ ಇರಬೇಕು. ನೀರು ಕಾದು ಹಿಗ್ಗಿದಾಗ ಆ ಗಾಳಿ ಕುಗ್ಗಿ ಜಾಗ ಕೊಡುತ್ತದೆ. ಕಾಲ ಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿ ಹೊರಟುಹೋಗುತ್ತದೆ, ಆಗ ಹಿಗ್ಗಿದ ನೀರಿಗೆ ಉಳಿದ ದಾರಿ ಆ ವಾಲ್ವ್ ಒಂದೇ. ಚೆಕ್ ವಾಲ್ವ್ ಇರುವುದರಿಂದ ಈ ಏರಿಕೆ ನಿಮ್ಮ ಹೊರಗಿನ ಗೇಜಿಗೆ ಕಾಣುವುದೇ ಇಲ್ಲ. ರೆಗ್ಯುಲೇಟರನ್ನು 40ಕ್ಕೆ ಇಳಿಸಿದರೂ ಇದು ನಿಲ್ಲುವುದಿಲ್ಲ.

ಗಾಳಿ ಮತ್ತೆ ತುಂಬಿಸಲು: ಹೀಟರ್ ಆಫ್ ಮಾಡಿ, ಗ್ಯಾಸೂ ಕರೆಂಟೂ ಎರಡನ್ನೂ. ನೀರು ಪೂರ್ತಿ ತಣ್ಣಗಾಗಲು ಬಿಡಿ. ಇದನ್ನು ಅವಸರ ಮಾಡಬೇಡಿ, ಕೈ ಸುಡುತ್ತದೆ. ಹೊರಗಿನ ನೀರು ಬಂದ್ ಮಾಡಿ, ಪಂಪೂ ಆಫ್. ಒಳಗೆ ಒಂದು ಬಿಸಿನೀರಿನ ನಲ್ಲಿ ತೆರೆದಿಡಿ. ರಿಲೀಫ್ ವಾಲ್ವ್‌ನ ಹಿಡಿಯನ್ನು ಎತ್ತಿ ಹಿಡಿಯಿರಿ, ನೀರು ಹರಿದು ತಾನೇ ನಿಲ್ಲುವವರೆಗೆ. ಹಿಡಿಯನ್ನು ಟಪ್ಪೆಂದು ಬಿಡಿ, ಸೀಟು ಸರಿಯಾಗಿ ಕೂರಲಿ. ನಲ್ಲಿ ಮುಚ್ಚಿ, ನೀರು ಹಾಕಿ, ಹೀಟರ್ ಹೊತ್ತಿಸಿ. ಇದಾದ ಮೇಲೂ ತಣ್ಣಗಿದ್ದಾಗಲೇ ತೊಟ್ಟಿಕ್ಕುತ್ತಿದ್ದರೆ ವಾಲ್ವ್ ಬದಲಾಯಿಸಬೇಕು. ಅದರ ಬಾಯಿಗೆ ಬಿರಡೆ ಹಾಕುವ ಯೋಚನೆಯನ್ನು ಯಾರು ಕೊಟ್ಟರೂ ಕೇಳಬೇಡಿ.

---

ವೀಕೆಂಡ್_ಯಾತ್ರಿ

27 ನೋಡಿ ನನ್ನ 12 ಡಾಲರ್ ವಾದ ಸ್ವಲ್ಪ ಸಣ್ಣದಾಯ್ತು. ಆದರೂ ಹೊಸದು ಒಂದನ್ನ ಸ್ಪೇರ್ ಆಗಿ ಡ್ರಾಯರ್‌ನಲ್ಲಿ ಇಟ್ಕೊಳ್ಳಿ, ಸೀಸ ಇಲ್ಲದ್ದು. ಬೆಳಗ್ಗೆ ಹೊರಡೋ ಗಡಿಬಿಡಿಯಲ್ಲಿ ಜನ ರೆಗ್ಯುಲೇಟರ್‌ನ ನಲ್ಲಿಗೇ ಬಿಟ್ಟು ಹೋಗೋದು ಇದ್ದದ್ದೇ.

ಹಳೇ ಗಾಡಿಯವರು ಯಾರಾದ್ರೂ ಇದನ್ನ ಓದ್ತಿದ್ರೆ: 1995ಕ್ಕಿಂತ ಮುಂಚಿನ ಗಾಡಿಯಲ್ಲಿ ಬೂದು ಬಣ್ಣದ ಪಾಲಿಬ್ಯುಟಿಲೀನ್ ಪೈಪ್ ಇದ್ದರೆ 50ರ ಲೆಕ್ಕ ನಿಮಗಲ್ಲ. 40ಕ್ಕೆ ಇಡಿ, ರಾತ್ರಿ ಮತ್ತು ಹೊರಗೆ ಸುತ್ತೋಕೆ ಹೋಗುವಾಗ ನಲ್ಲಿ ಬಂದ್ ಮಾಡಿ.

---

ಗೇಜ್_ಗಿರಾಕಿ

ಅಕ್ಟೋಬರ್ ಅಂದ್ರಲ್ಲ, ಅದರ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಸೌತ್ ರಿಮ್‌ನಲ್ಲಿ ಆಗ ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ನೀರು ಹೆಪ್ಪುಗಟ್ಟೋ ಮಟ್ಟ) ಕೆಳಗೆ ಹೋಗೋದು ಮಾಮೂಲಿ. ನೀರು ಮಂಜುಗಡ್ಡೆ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ. ರೆಗ್ಯುಲೇಟರ್ ಒಳಗೆ ಉಳಿದ ಒಂದು ಚಮಚ ನೀರು ಸಾಕು, ಡಯಾಫ್ರಾಮ್ ಅಥವಾ ಗೇಜಿನ ಒಳಗಿನ ಕೊಳವೆ ಹೋಗುತ್ತೆ. ಹೊರಗಿಂದ ಏನೂ ಕಾಣಲ್ಲ, ಮಾರನೇ ದಿನ ಗೇಜ್ ಸೊನ್ನೆಗೆ ಬರಲ್ಲ ಅಥವಾ ಪ್ರೆಶರ್ ಹತ್ತುತ್ತಾ ಹೋಗುತ್ತೆ.

ಸಂಜೆ ಹೀಗೆ ಮಾಡಿ: ಗಾಡಿಯ ಟ್ಯಾಂಕ್ ತುಂಬಿಸಿ, ಸೈಟಿನ ನಲ್ಲಿ ಬಂದ್ ಮಾಡಿ, ಒಳಗೆ ಒಂದು ನಲ್ಲಿ ಬಿಟ್ಟು ಪ್ರೆಶರ್ ಇಳಿಸಿ, ಆಮೇಲೆ ಹೋಸು ಬಿಚ್ಚಿ. ಪ್ರೆಶರ್ ಇಳಿಸದೆ ಬಿಚ್ಚಿದರೆ ಮುಖಕ್ಕೇ ಹೊಡೆಯುತ್ತೆ. ಹೋಸನ್ನ ಒಂದು ತುದಿಯಿಂದ ಭುಜದ ಮೇಲೆ ಎಳೀತಾ ಹೋಗಿ ನೀರು ಸುರಿದು ಸುತ್ತಿಡಿ. ರೆಗ್ಯುಲೇಟರ್‌ನ ಎರಡೂ ಬಾಯಿ ಕೆಳಗೆ ಮಾಡಿ ಕೊಡವಿ, ಒಳಗೆ ತಂದಿಡಿ. ರಾತ್ರಿ ಪಂಪಿನಲ್ಲಿ ಓಡಿಸಿ.

ಅಲ್ಲಿಗೆ ಹೋಗುವಾಗಲೇ ಟ್ಯಾಂಕ್ ತುಂಬಿಸಿಕೊಂಡು ಹೋಗೋದು ಇನ್ನೊಂದು ಕಾರಣಕ್ಕೂ ಒಳ್ಳೇದು. ಸೌತ್ ರಿಮ್‌ಗೆ ನೀರು ಬರೋದು ಕಣಿವೆಯೊಳಗಿನ ರೋರಿಂಗ್ ಸ್ಪ್ರಿಂಗ್ಸ್‌ನಿಂದ, ಟ್ರಾನ್ಸ್‌ಕ್ಯಾನಿಯನ್ ಪೈಪ್‌ಲೈನ್‌ನಲ್ಲಿ. ಹಳೇ ಪೈಪು, ಪದೇ ಪದೇ ಒಡೆಯುತ್ತೆ. ಆಗಸ್ಟ್ 2024ರಲ್ಲಿ ಹಾಗೇ ಒಡೆದು ಪಾರ್ಕಿನೊಳಗಿನ ಹೋಟೆಲ್‌ಗಳಲ್ಲಿ ರಾತ್ರಿ ತಂಗೋದನ್ನೇ ನಿಲ್ಲಿಸಿದ್ದರು. ಹೊರಡುವ ಮೊದಲು ಪಾರ್ಕಿನ ವೆಬ್‌ಸೈಟ್‌ನಲ್ಲಿ ನೀರಿನ ನೋಟಿಸ್ ಇದೆಯಾ ನೋಡಿ. ತುಂಬಿದ ಟ್ಯಾಂಕಿನ ಭಾರ ಗ್ಯಾಲನ್‌ಗೆ 8.34 ಪೌಂಡ್, 40 ಗ್ಯಾಲನ್ ಅಂದ್ರೆ 330 ಪೌಂಡ್ ದಾಟುತ್ತೆ. ಗಾಡಿಯ ಲೋಡ್ ಮಿತಿಯಲ್ಲಿ ಅದನ್ನೂ ಸೇರಿಸಿ.

---

ಚಕ್ರದ_ಮನೆ

ಹೀಟರ್ ಗಾಳಿ ತುಂಬಿಸಿದ ಮೇಲೆ ತೊಟ್ಟಿಕ್ಕೋದು ನಿಂತಿದೆ ಮೇಷ್ಟ್ರೇ. ಕೊನೇ ಪ್ರಶ್ನೆ: ಕರೆಂಟಿನಲ್ಲಿ ಬಿಸಿಯಾಗೋ ಹೋಸ್ ತಗೊಂಡ್ರೆ ದಿನಾ ಬಿಚ್ಚೋ ಕೆಲಸ ತಪ್ಪುತ್ತಲ್ವಾ?

---

ಗೇಜ್_ಗಿರಾಕಿ

ಹೋಸು ಹೆಪ್ಪುಗಟ್ಟಲ್ಲ, ಆದರೆ ನಲ್ಲಿಯ ಹತ್ತಿರ ನೇತಾಡೋ ರೆಗ್ಯುಲೇಟರ್ ಹೆಪ್ಪುಗಟ್ಟುತ್ತೆ. ಆಗ ಮಾತ್ರ ಕ್ರಮ ಬದಲಾಯಿಸಿ: ಹೋಸನ್ನ ನೇರ ನಲ್ಲಿಗೆ ಹಾಕಿ, ರೆಗ್ಯುಲೇಟರ್‌ನ ಗಾಡಿ ಕಡೆ ಬೆಚ್ಚಗಿರೋ ವೆಟ್ ಬೇ (ನೀರಿನ ಜೋಡಣೆಗಳಿರೋ ಬಾಗಿಲಿನ ಗೂಡು) ಒಳಗೆ, ಕೆಳಗೊಂದು ಆಸರೆ ಕೊಟ್ಟು ಕೂರಿಸಿ. ಹಾಗೆ ಮಾಡಿದರೆ ಹೋಸು ಲೈನಿನ ಪೂರ್ತಿ ಪ್ರೆಶರ್ ತಡೀಬೇಕು, ಅದರ ಮೇಲೆ ಬರೆದಿರೋ ಮಿತಿ ನೋಡಿ. ನಿಮ್ಮ ಕ್ಲಾಸ್ ಸಿಯಲ್ಲಿ ಇನ್‌ಲೆಟ್ ಬರೀ ಗೋಡೆ ಮೇಲಿದ್ದು ವೆಟ್ ಬೇ ಇಲ್ಲದಿದ್ದರೆ ಆ ದುಡ್ಡು ದಂಡ, ಸಂಜೆ ಬಿಚ್ಚಿ ಒಳಗಿಡೋದೇ ಸರಿ. ಹತ್ತು ಹೋಸ್ ವಾಷರ್‌ಗಳ ಒಂದು ಪ್ಯಾಕೆಟ್ ಜೊತೆಗಿರಲಿ, ಚಳಿಯಲ್ಲಿ ದಿನಾ ಬಿಚ್ಚಿ ಹಾಕುವಾಗ ಮೊದಲು ಉದುರಿ ಕಳೆದುಹೋಗೋದು ಅದೇ.